ಎಲೆ ಉದುರಿಸುವ ಮ್ಯಾಗ್ನೋಲಿಯಾ ಮತ್ತು ಕರಾವಳಿಯ ಅಂಗಳದ ಸಂಪಿಗೆ

ಏಪ್ರಿಲ್ ತಿಂಗಳು ಬಂತೆಂದರೆ ಉಡುಪಿ, ಮಂಗಳೂರಿನ ಎಷ್ಟೋ ಮನೆಗಳ ಮೊಬೈಲಿಗೆ ಅಮೆರಿಕದಿಂದಲೋ ಜರ್ಮನಿಯಿಂದಲೋ ಒಂದು ಚಿತ್ರ ಬರುತ್ತದೆ. ಮಗಳೋ ಅಳಿಯನೋ ಇರುವ ಮನೆಯ ಎದುರಿಗೆ ಆಳೆತ್ತರಕ್ಕಿಂತ ತುಸುವೇ ಎತ್ತರವಾದ ಒಂದು ಮರ. ಒಂದೇ ಒಂದು ಎಲೆಯಿಲ್ಲದ ಕೊಂಬೆಗಳ ತುಂಬ ಅಂಗೈಯಗಲದ ಬಿಳಿ ಅಥವಾ ನಸುಗೆಂಪು ಹೂಗಳು. ನನ್ನ ಅಕ್ಕನಿಗೆ ಬಾಸ್ಟನ್ನಿನಲ್ಲಿರುವ ಮಗಳು ಕಳುಹಿಸಿದ್ದು ಅಂಥದೇ ಚಿತ್ರ. ಅದನ್ನು ನನಗೆ ತೋರಿಸಿ, "ಇದು ನಮ್ಮ ಅಂಗಳದಲ್ಲಿ ಆಗ್ಲಿಕ್ಕಿಲ್ವಾ ಮಾರಾಯಾ?" ಎಂದು ಅವಳು ಕೇಳಿದ ಪ್ರಶ್ನೆಯೇ ಈ ಬರಹಕ್ಕೆ ಕಾರಣ. ಆಗುವುದಿಲ್ಲ ಎಂಬುದು ಒಂದು ಮಾತಿನ ಉತ್ತರ. ಆದರೆ ಏಕೆ ಆಗುವುದಿಲ್ಲ ಎಂಬುದನ್ನು ತಿಳಿದುಕೊಂಡರೆ, ಅದೇ ಕುಟುಂಬದ ಯಾವ ಮರ ನಮ್ಮಲ್ಲಿ ಆಗುತ್ತದೆ, ಅದನ್ನು ಹೇಗೆ ಬೆಳೆಸಿದರೆ ಅಂಗಳಕ್ಕೆ ತಕ್ಕಷ್ಟೇ ಚಿಕ್ಕದಾಗಿ ಉಳಿಯುತ್ತದೆ ಎಂಬುದೂ ತಿಳಿಯುತ್ತದೆ.

ಚಿತ್ರದಲ್ಲಿರುವ ಮರ ಮ್ಯಾಗ್ನೋಲಿಯಾ. ಈ ಕುಲದಲ್ಲಿ ಇನ್ನೂರಕ್ಕೂ ಹೆಚ್ಚು ಜಾತಿಗಳಿವೆ; ಕೆಲವು ವರ್ಷವಿಡೀ ಹಸಿರಾಗಿರುತ್ತವೆ, ಕೆಲವು ಚಳಿಗಾಲಕ್ಕೆ ಎಲೆ ಉದುರಿಸಿ ಬೋಳಾಗುತ್ತವೆ. ಚಳಿ ಪ್ರದೇಶಗಳಲ್ಲಿ ಸಣ್ಣ ಮನೆಗಳ ಮುಂದೆ ನೆಡುವುದು ಎರಡನೆಯ ಬಗೆಯವನ್ನು. ಅವುಗಳಲ್ಲಿ ಎಲ್ಲಕ್ಕಿಂತ ಗಿಡ್ಡದು ನಕ್ಷತ್ರ ಮ್ಯಾಗ್ನೋಲಿಯಾ. ಜಪಾನಿನ ನಾಗೋಯಾ ನಗರದ ಸುತ್ತಲಿನ ಪ್ರದೇಶ ಅದರ ತವರು, ಅಲ್ಲಿಯವರು ಅದನ್ನು ಶಿದೆಕೊಬುಶಿ ಎಂದು ಕರೆಯುತ್ತಾರೆ. ಅದು 3ರಿಂದ 4.5 ಮೀಟರಿನಷ್ಟು ಬೆಳೆದು ನಿಲ್ಲುತ್ತದೆ, ಹೂವಿಗೆ ಪಟ್ಟಿಯಂಥ 12ಕ್ಕೂ ಹೆಚ್ಚು ಎಸಳುಗಳಿರುತ್ತವೆ. ಅದಕ್ಕಿಂತ ದೊಡ್ಡದಾಗಿ, ಬಟ್ಟಲಿನ ಆಕಾರದ ನಸುಗೆಂಪು ಹೂ ಬಿಡುವುದು ಸಾಸರ್ ಮ್ಯಾಗ್ನೋಲಿಯಾ. ಪ್ಯಾರಿಸಿನ ಬಳಿಯ ಫ್ರೊಮೊಂ ಎಂಬಲ್ಲಿ ಎತಿಯೆನ್ ಸುಲಾಂಜ್-ಬೊದ್ಯಾಂ ಎಂಬವರು ಚೀನಾ ಮೂಲದ ಎರಡು ಜಾತಿಗಳನ್ನು 1820ರಲ್ಲಿ ಕೂಡಿಸಿ ಪಡೆದ ಮಿಶ್ರತಳಿ ಅದು. ಮೊದಲ ಹೂ ಬಿಟ್ಟದ್ದು 1826ರಲ್ಲಿ. ಅಮೆರಿಕದ ರಾಷ್ಟ್ರೀಯ ವೃಕ್ಷೋದ್ಯಾನದವರು 1955 ಮತ್ತು 1956ರಲ್ಲಿ ನಕ್ಷತ್ರ ಮ್ಯಾಗ್ನೋಲಿಯಾವನ್ನು ನೇರಳೆ ಹೂವಿನ ಇನ್ನೊಂದು ಜಾತಿಯೊಡನೆ ಕೂಡಿಸಿ ಎಂಟು ಗಿಡ್ಡ ತಳಿಗಳನ್ನು ತಯಾರಿಸಿ, ಅವುಗಳಿಗೆ ಜೇನ್, ಬೆಟ್ಟಿ, ಸೂಸನ್ ಮುಂತಾಗಿ ಹುಡುಗಿಯರ ಹೆಸರಿಟ್ಟರು. ಅಕ್ಕನ ಮಗಳ ಮನೆಯ ಎದುರಿನ ಮರಕ್ಕೆ ಕಟ್ಟಿದ್ದ ಚೀಟಿಯಲ್ಲಿ ಇದ್ದುದು ಜೇನ್ ಎಂಬ ಹೆಸರೇ. ಈ ತಳಿಗಳು ನಕ್ಷತ್ರ ಮ್ಯಾಗ್ನೋಲಿಯಾಕ್ಕಿಂತ ಕೆಲವು ದಿನ ತಡವಾಗಿ ಅರಳುವುದರಿಂದ, ವಸಂತದ ಆರಂಭದಲ್ಲಿ ಒಮ್ಮೊಮ್ಮೆ ಬೀಳುವ ಕೊನೆಯ ಹಿಮಕ್ಕೆ ಸಿಕ್ಕಿ ಹೂ ಕಂದಿಹೋಗುವುದು ಕಡಿಮೆ.

ಬೋಳು ಕೊಂಬೆಯಲ್ಲಿ ಹೂ ಬಿಡುವುದು ನೋಡುವವರಿಗೆ ಚಂದ. ಮರದ ಪಾಲಿಗೆ ಅದು ಚಳಿಗಾಲವನ್ನು ದಾಟುವ ಉಪಾಯದ ಕೊನೆಯ ಹಂತ. ಹೂ ಮುಗಿದು ಎಲೆ ಬಂದ ಮೇಲೆ, ಅಲ್ಲಿಯ ಬೇಸಿಗೆಯಲ್ಲಿಯೇ ಮುಂದಿನ ವರ್ಷದ ಮೊಗ್ಗುಗಳು ರೆಂಬೆಗಳ ತುದಿಯಲ್ಲಿ ಕಟ್ಟಿಕೊಳ್ಳುತ್ತವೆ. ಹಗಲು ಚಿಕ್ಕದಾಗುತ್ತ ಬಂದಂತೆ ಮರ ಎಲೆಗಳಲ್ಲಿರುವ ಸತ್ವವನ್ನು ಹಿಂದಕ್ಕೆ ಎಳೆದುಕೊಂಡು ಅವುಗಳನ್ನು ಉದುರಿಸುತ್ತದೆ, ಮೊಗ್ಗು ಮಾತ್ರ ಬೂದುಬಣ್ಣದ ರೋಮದ ಕವಚದೊಳಗೆ, ಮುಟ್ಟಿದರೆ ಬೆಕ್ಕಿನ ಮರಿಯ ಕಿವಿಯಂತೆ ಮೆತ್ತಗಾಗಿ, ನಿದ್ದೆ ಹೋಗುತ್ತದೆ. ಈ ನಿದ್ದೆ ಕೇವಲ ಚಳಿಗೆ ಮುದುಡಿಕೊಂಡ ಸ್ಥಿತಿಯಲ್ಲ. ಮೊಗ್ಗಿನೊಳಗೆ ಅಬ್ಸಿಸಿಕ್ ಆಮ್ಲ ಎಂಬ ಬೆಳವಣಿಗೆಯನ್ನು ತಡೆಯುವ ರಸ ಹೆಚ್ಚಾಗಿರುತ್ತದೆ ಮತ್ತು ಒಂದು ಜೀವಕೋಶದಿಂದ ಇನ್ನೊಂದಕ್ಕೆ ಸಂದೇಶ ಸಾಗುವ ಸೂಕ್ಷ್ಮ ದಾರಿಗಳು ಮುಚ್ಚಿಹೋಗಿರುತ್ತವೆ. ಆ ಹೊತ್ತಿನಲ್ಲಿ ಎಷ್ಟೇ ಬಿಸಿಲು ಕಾದರೂ ಮೊಗ್ಗು ಎಚ್ಚರಗೊಳ್ಳದು. ಸರಿಸುಮಾರು 0ಯಿಂದ 7 ಡಿಗ್ರಿ ಸೆಲ್ಸಿಯಸ್ ನಡುವಿನ ತಣ್ಪು ವಾರಗಟ್ಟಲೆ ತಗುಲಿದ ಮೇಲೆ ಮಾತ್ರ ತಡೆ ಸಡಿಲವಾಗಿ, ಮುಚ್ಚಿದ ದಾರಿಗಳು ತೆರೆದು, ಅನಂತರ ಬರುವ ಬೆಚ್ಚನೆಯ ದಿನಗಳಿಗೆ ಅದು ಸ್ಪಂದಿಸುತ್ತದೆ. ಜನವರಿಯ ನಡುವೆ ಅಪರೂಪಕ್ಕೆ ಬೀಳುವ ಒಂದು ಬಿಸಿಲ ದಿನವನ್ನು ವಸಂತವೆಂದು ತಿಳಿದು ಮೊಗ್ಗು ಅರಳಿಬಿಟ್ಟರೆ ಮರುದಿನದ ಹಿಮ ಅದನ್ನು ಕೊಂದುಹಾಕುತ್ತದೆ. ಹಾಗಾಗದಂತೆ ಚಳಿಯನ್ನು ಎಣಿಸಿ ಮುಗಿಸಿದ ಮೇಲೆಯೇ ಏಳುವ ವ್ಯವಸ್ಥೆ ಇದು. ಸೇಬು, ಪೀಚ್ ಮರಗಳಲ್ಲಿಯೂ ಇದೇ ವ್ಯವಸ್ಥೆಯಿದೆ.

ನಮ್ಮ ಕಡೆಯ ಮಾವಿಗೂ ಮಾಗಿಯ ತಂಪು ಬೇಕಲ್ಲವೇ ಎಂದು ಯಾರಾದರೂ ಕೇಳಬಹುದು. ಬೇಕು, ಚಳಿ ಸರಿಯಾಗಿ ಬೀಳದ ವರ್ಷ ಮಾವು ಹೂ ಬಿಡಲು ತಡಮಾಡುವುದನ್ನು ಕರಾವಳಿಯವರೆಲ್ಲ ಕಂಡಿದ್ದಾರೆ. ಆದರೆ ಮಾವಿಗೆ ಸಾಕಾಗುವ ತಂಪು ನಮಗೆ ಹೊದಿಕೆ ಹೊದೆಯುವಷ್ಟರದು, ಮ್ಯಾಗ್ನೋಲಿಯಾ ಕೇಳುವುದು ಫ್ರಿಜ್ಜಿನೊಳಗಿನ ತಣ್ಪನ್ನು, ಅದೂ ವಾರಗಟ್ಟಲೆ. ಮಂಗಳೂರಿನಲ್ಲಿ ಜನವರಿಯ ರಾತ್ರಿಯೂ ಉಷ್ಣತೆ 20 ಡಿಗ್ರಿಯ ಆಸುಪಾಸಿನಲ್ಲಿಯೇ ಇರುತ್ತದೆ. ಹಗಲಿನ ಉದ್ದದಲ್ಲಿಯೂ ಅಂತರವಿದೆ: ನಾಗೋಯಾದಲ್ಲಿ ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ನಾಲ್ಕೂವರೆ ಗಂಟೆಗೂ ಮಿಕ್ಕಿದ ವ್ಯತ್ಯಾಸವಿದ್ದರೆ, ನಮ್ಮಲ್ಲಿ ಅದು ಒಂದೂವರೆ ಗಂಟೆಯಷ್ಟು. ಅಂದರೆ ಈ ಮರಕ್ಕೆ ಮಲಗುವ ಹೊತ್ತನ್ನು ಹೇಳುವವರೂ ಇಲ್ಲಿ ಇಲ್ಲ, ಏಳುವ ಹೊತ್ತನ್ನು ಹೇಳುವವರೂ ಇಲ್ಲ. ಮಡಿಕೇರಿಯ ಚಳಿಯೂ ಅದಕ್ಕೆ ಸಾಲದು. ಭಾರತದೊಳಗೆ ಎಲೆ ಉದುರಿಸುವ ಮ್ಯಾಗ್ನೋಲಿಯಾವನ್ನು ಅದರ ನೆಲದಲ್ಲಿಯೇ ನೋಡಬೇಕಾದರೆ ಡಾರ್ಜಿಲಿಂಗ್, ಸಿಕ್ಕಿಂ ಕಡೆಯ ಬೆಟ್ಟಗಳಿಗೆ ಹೋಗಬೇಕು. ಅಲ್ಲಿಯ ಕಾಡುಗಳಲ್ಲಿರುವ ಕ್ಯಾಂಪ್‌ಬೆಲಿ ಎಂಬ ಜಾತಿ ತೆಂಗಿನ ಮರದೆತ್ತರಕ್ಕೆ ಬೆಳೆದು, ಬೋಳು ಕೊಂಬೆಗಳ ತುಂಬ ಊಟದ ತಟ್ಟೆಯಷ್ಟಗಲದ ಹೂ ಬಿಡುತ್ತದೆ.

ಇಷ್ಟನ್ನೂ ನಾನು ಹೇಳುವ ಮೊದಲೇ ಅಕ್ಕ ಆನ್‌ಲೈನ್‌ ಮಾರಾಟಗಾರರೊಬ್ಬರಿಂದ ಒಂದು ಸಸಿ ತರಿಸಿಯಾಗಿತ್ತು. ಎಲ್ಲ ಹವೆಗೂ ಒಗ್ಗುವ ಗಿಡವೆಂದು ಅವರು ಬರೆದಿದ್ದರು. ಒಂದೂವರೆ ಅಡಿಯ ಸಸಿ ಜೂನಿನ ಮಳೆಗೆ ನಾಲ್ಕು ಎಲೆ ಹಾಕಿತು, ಅಕ್ಟೋಬರಿನ ಬಿಸಿಲಿಗೆ ಆ ಎಲೆಗಳ ಅಂಚು ಸುಟ್ಟಂತಾಗಿ ಒಂದೊಂದಾಗಿ ಬಿದ್ದವು. ಅನಂತರ ಉದ್ದಕ್ಕೂ ಮೊಗ್ಗುಗಳಿದ್ದ ಕಾಂಡದಲ್ಲಿ ತುದಿಯ ಒಂದು ಮೊಗ್ಗು ಮಾತ್ರ, ಅದೂ ಮಾರ್ಚಿನಲ್ಲಿ, ಒಡೆದು ಮೂರು ಎಲೆ ಬಿಟ್ಟಿತು. ಉಳಿದವು ಹಾಗೆಯೇ ಒಣಗಿದವು. ತಣ್ಪು ಸಾಲದ ಮರಗಳೆಲ್ಲ ತೋರಿಸುವ ಲಕ್ಷಣವೇ ಅದು. ಎರಡನೆಯ ಮಳೆಗಾಲದ, ಜುಲೈ-ಆಗಸ್ಟಿನ ಆಟಿ ತಿಂಗಳಲ್ಲಿ ಸಸಿ ವಾಲಿತು. ಕಿತ್ತು ನೋಡಿದರೆ ದಪ್ಪನೆಯ, ಮೆದುವಾದ ಬೇರುಗಳು ಕಪ್ಪಾಗಿ, ಬೆರಳಿನಿಂದ ಹಿಡಿದೆಳೆದರೆ ಸಿಪ್ಪೆ ಕಳಚಿ ಒಳಗಿನ ದಾರದಂಥ ತಿರುಳು ಮಾತ್ರ ಉಳಿಯುತ್ತಿತ್ತು. ಅವಳು ತುಂಬಾ ಬೇಸರ ಮಾಡಿಕೊಂಡಳು. ಒಂದು ವರ್ಷಕ್ಕೂ ಮಿಕ್ಕಿ ಬೆಳಗ್ಗೆ ಎದ್ದು ಮೊದಲು ನೋಡುತ್ತಿದ್ದುದು ಆ ಗಿಡವನ್ನೇ.

ಕರಾವಳಿಯಲ್ಲಿ ಬೋಳು ಕೊಂಬೆಯ ಹೂ ಇಲ್ಲವೇ ಇಲ್ಲ ಎಂದೇನೂ ಅಲ್ಲ. ಜನವರಿ ಕಳೆಯುತ್ತಿದ್ದಂತೆ ಬೂರುಗದ ಮರ ಎಲೆಯಿಲ್ಲದೆ ಕೆಂಪಗೆ ಅರಳುವುದನ್ನೂ, ಘಟ್ಟದ ಆಚೆ ಹೋದರೆ ಮುತ್ತುಗ ಉರಿಯುವಂತೆ ನಿಲ್ಲುವುದನ್ನೂ ಕಾಣುತ್ತೇವೆ. ಈ ಮರಗಳು ಎಲೆ ಉದುರಿಸುವುದು ಚಳಿಗೆ ಹೆದರಿ ಅಲ್ಲ, ಡಿಸೆಂಬರಿನಿಂದ ಮೇವರೆಗಿನ ಒಣಗಾಲದಲ್ಲಿ ಎಲೆಗಳ ಮೂಲಕ ನೀರು ಆವಿಯಾಗಿ ಹೋಗದಿರಲಿ ಎಂದು. ಉತ್ತರದ ಮರಗಳ ಪಂಚಾಂಗ ಚಳಿಯದು, ನಮ್ಮ ಮರಗಳ ಪಂಚಾಂಗ ಮಳೆಯದು. ಎಲೆಯಿಲ್ಲದ ಕೊಂಬೆಯ ತುದಿಯಲ್ಲಿ ಪರಿಮಳದ ಹೂ ಇರಬೇಕು, ಮರ ಚಿಕ್ಕದಿರಬೇಕು ಎಂಬುದಷ್ಟೇ ಆಸೆಯಾದರೆ ದೇವಕಣಗಿಲೆಯನ್ನು ನೆಡುವುದು ಸರಿ. ಒಣಗಾಲದಲ್ಲಿ ಎಲೆ ಕಳಚಿಕೊಂಡು, ಆನೆಯ ಸೊಂಡಿಲಿನಂಥ ಮೊಂಡು ಕೊಂಬೆಗಳ ತುದಿಯಲ್ಲಿ ಬಿಳಿ, ಹಳದಿ ಹೂಗೊಂಚಲು ಬಿಡುವ ಆ ಮರಕ್ಕೆ ನಮ್ಮಲ್ಲಿ ಕೆಲವರು ಗೋಸಂಪಿಗೆ ಎಂದೂ ಹೇಳುತ್ತಾರೆ. ಆದರೆ ಅದು ಸಂಪಿಗೆಯೂ ಅಲ್ಲ, ಮ್ಯಾಗ್ನೋಲಿಯಾವೂ ಅಲ್ಲ. ಮುರಿದರೆ ಹಾಲು ಸುರಿಸುವ ಕಣಗಿಲೆಯ ಬಳಗದ್ದು, ಬಂದದ್ದು ಮೆಕ್ಸಿಕೊ ಕಡೆಯಿಂದ. ಇಲ್ಲೊಂದು ಸ್ವಾರಸ್ಯವಿದೆ. ಫ್ರಾನ್ಸಿನ ಮೊಂಪೆಲಿಯೆ ನಗರದ ಸಸ್ಯವಿಜ್ಞಾನಿ ಪಿಯೆರ್ ಮಾನ್ಯೋಲ್ ಅವರ ಗೌರವಾರ್ಥ ಮ್ಯಾಗ್ನೋಲಿಯಾ ಎಂಬ ಹೆಸರನ್ನು 1703ರಲ್ಲಿ ಕೊಟ್ಟವರು ಫ್ರಾನ್ಸಿನವರೇ ಆದ ಸಸ್ಯವಿಜ್ಞಾನಿ ಷಾರ್ಲ್ ಪ್ಲುಮಿಯೆ. ದೇವಕಣಗಿಲೆಯ ವೈಜ್ಞಾನಿಕ ಹೆಸರಾದ ಪ್ಲುಮೇರಿಯಾ ಆ ಪ್ಲುಮಿಯೆಯವರ ಗೌರವಾರ್ಥ ಬಂದದ್ದು. ಸಂಬಂಧವಿಲ್ಲದ ಎರಡು ಮರಗಳು ಅಲ್ಲಿ ಹೆಸರಿನ ಮೂಲಕ ನಂಟಾದವು, ಇಲ್ಲಿ ಕನ್ನಡದ ಸಂಪಿಗೆ ಎಂಬ ಒಂದು ಪದದಡಿ ಸೇರಿಕೊಂಡವು. ನಾಗಸಂಪಿಗೆ ಎಂಬುದು ಇನ್ನೂ ಬೇರೆಯೇ ಮರ. ಹಸಿರು ಸಂಪಿಗೆ ಅಥವಾ ಮನೋರಂಜಿನಿ ಸೀತಾಫಲದ ಬಳಗದ ಬಳ್ಳಿ. ನರ್ಸರಿಗೆ ಹೋಗುವವರು ಈ ವ್ಯತ್ಯಾಸಗಳನ್ನು ತಿಳಿದಿರುವುದು ಒಳ್ಳೆಯದು.

ನಿಜವಾದ ಮ್ಯಾಗ್ನೋಲಿಯಾ ನಮ್ಮಲ್ಲಿ ಮೊದಲಿನಿಂದಲೂ ಇದೆ. ನಾಗರಪಂಚಮಿಯ ಮುನ್ನಾದಿನ ಮಂಗಳೂರಿನ ಹಂಪನಕಟ್ಟೆಯಲ್ಲಿಯೂ ಉಡುಪಿಯ ರಥಬೀದಿಯಲ್ಲಿಯೂ ಕೇದಗೆ, ಹಿಂಗಾರಗಳ ಜೊತೆಗೆ ಮಾರುವ ಕೆಂಡಸಂಪಿಗೆಯೇ ಅದು. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಇದಕ್ಕೆ ಮೈಕೇಲಿಯಾ ಚಂಪಕ ಎಂದು ಹೆಸರಿಟ್ಟಿದ್ದನು. ಡಿಎನ್‌ಎ ಹೋಲಿಕೆಗಳು ಮೈಕೇಲಿಯಾ ಬಳಗ ಮ್ಯಾಗ್ನೋಲಿಯಾದ ಒಳಗಿನದೇ ಒಂದು ಕವಲು ಎಂದು ತೋರಿಸಿದ ಮೇಲೆ ಈಗ ಬಹುತೇಕ ವಿಜ್ಞಾನಿಗಳು ಅದನ್ನು ಮ್ಯಾಗ್ನೋಲಿಯಾ ಚಂಪಕ ಎಂದೇ ಬರೆಯುತ್ತಾರೆ. ನಂಟನ್ನು ಕಣ್ಣಾರೆ ನೋಡಬೇಕಾದರೆ ಬಿದ್ದ ಒಂದು ಸಂಪಿಗೆ ಹೂವನ್ನು ಕೈಗೆತ್ತಿಕೊಂಡು ಎಸಳುಗಳನ್ನು ಒಂದೊಂದಾಗಿ ಬಿಡಿಸಬೇಕು. ಹೊರಗಿನ ಹಸಿರು ಪುಷ್ಪಪತ್ರ, ಒಳಗಿನ ಬಣ್ಣದ ದಳ ಎಂಬ ಭೇದ ಅಲ್ಲಿಲ್ಲ, ಹದಿನೈದರಷ್ಟು ಎಸಳುಗಳೂ ಒಂದೇ ಬಗೆಯವು. ಅವು ಹೋದ ಮೇಲೆ ಉಳಿಯುವುದು ಚಿಕ್ಕ ಜೋಳದ ತೆನೆಯಂಥ ಒಂದು ದಂಡೆ. ಅದರ ಬುಡದಲ್ಲಿ ಕೇಸರಗಳು ಸುರುಳಿಯಾಗಿ ಸುತ್ತಿಕೊಂಡಿವೆ, ನಡುವೆ ಸ್ವಲ್ಪ ಖಾಲಿ ಕಾಂಡ, ಮೇಲೆ ಹಸಿರು ಕಾಳುಗಳಂಥ ಅಂಡಾಶಯಗಳು. ನಕ್ಷತ್ರ ಮ್ಯಾಗ್ನೋಲಿಯಾದಲ್ಲಿಯೂ ಇದೇ ದಂಡೆ, ಇದೇ ಸುರುಳಿ. ನಡುವಿನ ಖಾಲಿ ಕಾಂಡ ಮಾತ್ರ ಇಲ್ಲ. ಹೂವಿನ ಈ ರಚನೆ ಬಹಳ ಹಳೆಯದು. ಜೇನುನೊಣಗಳು ಹೂಗಳ ಮುಖ್ಯ ಅತಿಥಿಗಳಾಗುವ ಮೊದಲೇ, ಜೀರುಂಡೆಗಳನ್ನು ನಂಬಿ ರೂಪುಗೊಂಡ ಹೂ ಇದು, ಮತ್ತು ಇಂದಿಗೂ ಮ್ಯಾಗ್ನೋಲಿಯಾಗಳಲ್ಲಿ ಹೆಚ್ಚಿನವುಗಳ ಪರಾಗವನ್ನು ಹೊರುವವು ಜೀರುಂಡೆಗಳೇ. ರೆಂಬೆಯನ್ನು ನೋಡಿದರೆ ಪ್ರತಿ ಎಲೆಯ ಬುಡದಲ್ಲಿಯೂ ಉಂಗುರ ತೊಡಿಸಿದಂತೆ ಒಂದು ಗೆರೆಯಿರುತ್ತದೆ. ಎಳೆ ಎಲೆಯನ್ನು ಮುಚ್ಚಿದ್ದ ಕವಚ ಕಳಚಿ ಬಿದ್ದ ಗುರುತು ಅದು. ಬಾಸ್ಟನ್ನಿನ ಮರದಲ್ಲಿಯೂ ಇದೇ ಉಂಗುರವಿರುತ್ತದೆ.

ಅಂಗಳದ ಮಟ್ಟಿಗೆ ಮುಖ್ಯವಾದ ವ್ಯತ್ಯಾಸ ಒಂದಿದೆ. ನಕ್ಷತ್ರ ಮ್ಯಾಗ್ನೋಲಿಯಾದ ಹೂ ರೆಂಬೆಯ ತುದಿಯಲ್ಲಿ ಬರುತ್ತದೆ, ಅದಕ್ಕೆ ತಿಂಗಳುಗಟ್ಟಲೆ ಮುಂಚೆ ಮೊಗ್ಗು ಕಟ್ಟಿರುತ್ತದೆ. ತಪ್ಪಾದ ಕಾಲದಲ್ಲಿ ತುದಿ ಕತ್ತರಿಸಿದರೆ ಒಂದು ವರ್ಷದ ಹೂ ಹೋದಂತೆ. ಸಂಪಿಗೆಯ ಹೂ ಬರುವುದು ಹೊಸ ಚಿಗುರಿನ ಎಲೆಗಳ ಕಂಕುಳಲ್ಲಿ. ತುದಿಯನ್ನು ಚಿವುಟಿದರೆ ಒಂದು ರೆಂಬೆಯ ಜಾಗದಲ್ಲಿ ಎರಡು ಮೂರು ಚಿಗುರು ಒಡೆಯುತ್ತವೆ, ಪ್ರತಿ ಚಿಗುರಿನಲ್ಲಿಯೂ ಐದಾರು ಕಂಕುಳು ಇರುತ್ತವೆ. ಹೀಗಾಗಿ ಸಂಪಿಗೆಯಲ್ಲಿ ಮರವನ್ನು ಚಿಕ್ಕದಾಗಿ ಇರಿಸುವ ಕೆಲಸವೂ ಹೂ ಹೆಚ್ಚಿಸುವ ಕೆಲಸವೂ ಒಂದೇ. ಕಾಡಿನಲ್ಲಿ 30 ಮೀಟರಿಗೂ ಎತ್ತರ ಹೋಗುವ, ನಾಟಕ್ಕೆ ಕಡಿಯುವ ಮರವನ್ನು ಹನ್ನೆರಡು ಅಡಿಯಲ್ಲಿ ನಿಲ್ಲಿಸಿ ಅದರ ತುಂಬ ಹೂ ಕಾಣುವುದು ಸಾಧ್ಯವಾಗುವುದು ಈ ಕಾರಣದಿಂದ. ಬೀಜದ ಮರ ನೆಟ್ಟು ಅದು ಮಾಡಿನ ಮೇಲೆ ಹೋದ ಬಳಿಕ ದೋಟಿ ಹಿಡಿದು ಹೂವಿಗೆ ಪರದಾಡುವವರನ್ನು ಕಂಡಾಗಲೆಲ್ಲ, ಈ ಒಂದು ಸಂಗತಿ ಅವರಿಗೆ ಮೊದಲೇ ಗೊತ್ತಿರಬೇಕಿತ್ತು ಎನ್ನಿಸುತ್ತದೆ.

ಆದುದರಿಂದ ಕೊಳ್ಳುವಾಗ ಕಸಿ ಗಿಡವನ್ನೇ ಕೇಳಬೇಕು. ಬೀಜದಿಂದ ಬಂದ ಸಂಪಿಗೆ ಹೂ ಬಿಡಲು ಎಂಟು ಹತ್ತು ವರ್ಷ ತೆಗೆದುಕೊಳ್ಳುತ್ತದೆ, ಕಸಿ ಗಿಡದಲ್ಲಿ ಎರಡು ಮೂರು ವರ್ಷಕ್ಕೇ ಹೂ ಕಾಣಬಹುದು, ಏಕೆಂದರೆ ಕಸಿಗೆ ಬಳಸಿದ ಕಡ್ಡಿ ಆಗಲೇ ಹೂ ಬಿಡುವ ವಯಸ್ಸಿನ ಮರದ್ದು. ಬುಡದಿಂದ ಐದಾರು ಅಂಗುಲ ಮೇಲೆ ಕಾಂಡದಲ್ಲಿ ಓರೆಯಾದ ಕಸಿಯ ಗಂಟು ಕಾಣಬೇಕು. ಆ ಗಂಟಿನ ಕೆಳಗಿನಿಂದ ಬರುವ ಚಿಗುರುಗಳನ್ನು ಕಂಡ ಕೂಡಲೇ ತೆಗೆಯಬೇಕು. ಇಲ್ಲಿ ಒಂದು ತೊಡಕಿದೆ: ಗುಲಾಬಿಯಲ್ಲಾದರೆ ಬೇರುಗಿಡದ, ಅಂದರೆ ಕಸಿಗೆ ಬುಡವಾಗಿ ಬಳಸಿದ ಗಿಡದ, ಎಲೆ ಬೇರೆಯಾಗಿ ಕಾಣುತ್ತದೆ, ಸಂಪಿಗೆಯಲ್ಲಿ ಸಾಮಾನ್ಯವಾಗಿ ಬೇರುಗಿಡವೂ ಸಂಪಿಗೆಯೇ ಆಗಿರುವುದರಿಂದ ಎಲೆ ನೋಡಿ ಗುರುತು ಹಿಡಿಯಲಾಗದು, ಚಿಗುರು ಹುಟ್ಟಿದ ಜಾಗವನ್ನೇ ನೋಡಬೇಕು. ಬಿಳಿ ಸಂಪಿಗೆ ಇದೇ ಬಳಗದ ಮಿಶ್ರತಳಿ. ಅದರಲ್ಲಿ ಬೀಜ ಕಟ್ಟುವುದು ತೀರ ಅಪರೂಪವಾದ್ದರಿಂದ ಗೂಟಿ (ಮರದಲ್ಲಿರುವಾಗಲೇ ರೆಂಬೆಗೆ ಬೇರು ಬರಿಸುವ ಕ್ರಮ) ಅಥವಾ ಕಸಿಯಿಂದಲೇ ಗಿಡ ಮಾಡುತ್ತಾರೆ. ಅದರ ಪರಿಮಳ ಕೆಂಡಸಂಪಿಗೆಗಿಂತ ತಿಳಿಯಾದದ್ದು. ಕೋಣೆಯ ಕಿಟಕಿಯ ಹತ್ತಿರ ನೆಡಲು ನನ್ನ ಆಯ್ಕೆ ಅದೇ.

ಜಾಗದ ವಿಚಾರಕ್ಕೆ ಬಂದರೆ, ನಮ್ಮ ಮಣ್ಣು ಈ ಮರಕ್ಕೆ ಅರ್ಧ ಅನುಕೂಲ, ಅರ್ಧ ತೊಂದರೆ. ಮ್ಯಾಗ್ನೋಲಿಯಾಗಳು ಹುಳಿಮಣ್ಣನ್ನು ಇಷ್ಟಪಡುವವು. ಕರಾವಳಿಯ ಮುರಕಲ್ಲಿನ ಕೆಂಪು ಮಣ್ಣು ಸ್ವಭಾವತಃ ಹುಳಿ. ಹೊಸ ಮನೆಗಳ ಅಂಗಳದಲ್ಲಿ ಮಾತ್ರ ಈ ಅನುಕೂಲ ಕೆಟ್ಟಿರುತ್ತದೆ. ಗಾರೆ ಕಲಸಿದ ಜಾಗದಲ್ಲಿ, ಕಾಂಪೌಂಡ್ ಗೋಡೆಯ ಬುಡದಲ್ಲಿ ಸಿಮೆಂಟಿನ ಸುಣ್ಣ ಇಳಿದು ಮಣ್ಣಿನ ಹುಳಿ ಹೋದಾಗ, ಕಬ್ಬಿಣದಂಶ ಮಣ್ಣಿನಲ್ಲಿದ್ದರೂ ಬೇರಿಗೆ ದಕ್ಕುವುದಿಲ್ಲ. ಎಳೆ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದರೆ ಕಾರಣ ಇದೆಂದು ತಿಳಿಯಬೇಕು. ಗೋಡೆಯಿಂದ ನಾಲ್ಕು ಮೀಟರಾದರೂ ದೂರದಲ್ಲಿ, ಗಾರೆಯ ಚೂರುಗಳಿಲ್ಲದ ಕಡೆ ನೆಡಬೇಕು. ಒಲೆಯ ಬೂದಿಯನ್ನು ಇದರ ಬುಡಕ್ಕೆ ಸುರಿಯಬಾರದು. ಕಡಲ ಗಾಳಿ ನೇರವಾಗಿ ಬಡಿಯುವ ಮಲ್ಪೆ, ಪಣಂಬೂರು, ಉಳ್ಳಾಲದ ದಂಡೆಯ ಮನೆಗಳಲ್ಲಿ ಉಪ್ಪು ಎಲೆಯ ಅಂಚನ್ನು ಸುಡುತ್ತದೆ, ಅಲ್ಲಿ ಮನೆಯ ಪೂರ್ವದ ಮಗ್ಗುಲೇ ಸರಿ.

ದೊಡ್ಡ ತೊಂದರೆ ನೀರಿನದು. ಮುರಕಲ್ಲಿನಲ್ಲಿ ತೋಡಿದ ಹೊಂಡ ಬೋಗುಣಿಯಿದ್ದಂತೆ. ವರ್ಷಕ್ಕೆ 3500 ಮಿಲಿಮೀಟರಿಗೂ ಮಿಕ್ಕಿ ಬೀಳುವ ಮಳೆಯ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೇ ಬೀಳುವ ನಮ್ಮಲ್ಲಿ ಆ ಬೋಗುಣಿ ತಿಂಗಳುಗಟ್ಟಲೆ ತುಂಬಿಯೇ ಇರುತ್ತದೆ. ಮ್ಯಾಗ್ನೋಲಿಯಾಗಳ ಬೇರು ದಪ್ಪ, ರಸಭರಿತ, ಕವಲು ಕಡಿಮೆ. ಉಸಿರು ಕಟ್ಟಿದರೆ ಬೇಗ ಕೊಳೆಯುತ್ತದೆ. ಅಡಿಕೆಯ ಕೊಳೆರೋಗವನ್ನು ತರುವ ಶಿಲೀಂಧ್ರದಂಥ ಜೀವಿಯ ಬಳಗದವು ಇಂಥ ಬೇರಿಗೂ ಬರುತ್ತವೆ. ಎರಡಡಿ ಉದ್ದ, ಅಗಲ, ಆಳದ ಹೊಂಡ ತೋಡಿ, ಒಂದು ಕೊಡಪಾನ ನೀರು ಸುರಿದು ನೋಡಬೇಕು. ಒಂದೆರಡು ಗಂಟೆಯಲ್ಲಿ ಇಂಗಿದರೆ ಅಡ್ಡಿಯಿಲ್ಲ. ಮರುದಿನವೂ ನಿಂತಿದ್ದರೆ ತಗ್ಗಿನ ಕಡೆಗೆ ಒಂದು ಕಣಿ ಕಡಿದು ನೀರಿಗೆ ದಾರಿ ಮಾಡಿಕೊಡಬೇಕು, ಇಲ್ಲವೇ ಹೊಂಡವನ್ನು ಬಿಟ್ಟು ಒಂದೂವರೆ ಅಡಿ ಎತ್ತರದ ಮಣ್ಣಿನ ದಿಬ್ಬ ಮಾಡಿ ಅದರ ಮೇಲೆ ನೆಡಬೇಕು. ತೆಂಗಿನ ಸಸಿಗೆ ಮುರಕಲ್ಲು ಮೆತ್ತಗಾಗಲೆಂದು ಹೊಂಡಕ್ಕೆ ಉಪ್ಪು ಹಾಕುವ ಕ್ರಮ ಇಲ್ಲಿ ಎಲ್ಲರಿಗೂ ಗೊತ್ತು. ತೆಂಗು ಉಪ್ಪನ್ನು ತಾಳಿಕೊಳ್ಳುತ್ತದೆ, ಸಂಪಿಗೆ ತಾಳುವುದಿಲ್ಲ. ಆ ಅಭ್ಯಾಸವನ್ನು ಇಲ್ಲಿಗೆ ತರಬಾರದು. ಹೊಂಡಕ್ಕೆ ಮೇಲ್ಮಣ್ಣು, ಚೆನ್ನಾಗಿ ಕಳಿತ ಹಟ್ಟಿಗೊಬ್ಬರ ಮತ್ತು ಕೊಳೆತ ಸೊಪ್ಪಿನ ಮಣ್ಣು ಸಾಕು.

ನಮ್ಮಲ್ಲಿ ಗಿಡ ನೆಡುವುದೆಂದರೆ ಮೇ ಕೊನೆಗೆ ಬರುವ ತುಳುನಾಡಿನ ಪತ್ತನಾಜೆ ಕಳೆದು ಮೊದಲ ಮಳೆ ಬಿದ್ದಾಗ ಎಂಬ ರೂಢಿಯಿದೆ. ಕಸಿ ಸಂಪಿಗೆಗೆ ಆ ಹೊತ್ತು ಸರಿಯಲ್ಲ ಎಂಬುದು ನನ್ನ ಅನುಭವದ ಮಾತು. ಹೊಸ ಬೇರು ಬಿಡುವ ಮೊದಲೇ ಜುಲೈಯ ಜಡಿಮಳೆ ಬುಡವನ್ನು ನೆನೆಸಿಡುತ್ತದೆ. ಆಗಸ್ಟಿನ ಕೊನೆಯಲ್ಲಿ ಮಳೆಯ ಜೋರು ಇಳಿದ ಮೇಲೆ ನೆಟ್ಟರೆ ನೆಲ ಒದ್ದೆಯಾಗಿರುತ್ತದೆ, ಆದರೆ ನೀರು ನಿಂತಿರುವುದಿಲ್ಲ, ಬೇರೂರಲು ಎರಡು ಹದವಾದ ತಿಂಗಳು ಸಿಗುತ್ತವೆ. ಸಸಿಯ ಪ್ಲಾಸ್ಟಿಕ್ ತೊಟ್ಟೆಯನ್ನು ಬ್ಲೇಡಿನಿಂದ ಸೀಳಿ, ಮಣ್ಣಿನ ಮುದ್ದೆ ಒಡೆಯದಂತೆ ಇಳಿಸಬೇಕು. ಈ ಬೇರುಗಳು ಮುರಿದರೆ ಮತ್ತೆ ಚಿಗುರುವುದು ನಿಧಾನ, ಆದ್ದರಿಂದ ಒಮ್ಮೆ ನೆಟ್ಟ ಗಿಡವನ್ನು ಕಿತ್ತು ಬೇರೆಡೆ ನೆಡುವ ಯೋಚನೆಯನ್ನೇ ಮಾಡಬಾರದು. ಕಸಿಯ ಗಂಟು ನೆಲದಿಂದ ನಾಲ್ಕು ಬೆರಳಾದರೂ ಮೇಲಿರಬೇಕು. ಮೊದಲ ಎರಡು ಬೇಸಿಗೆ ಪಡುವಣ ಬಿಸಿಲಿಗೆ ಅಡ್ಡವಾಗಿ ತೆಂಗಿನ ಮಡಲನ್ನು ಕಟ್ಟಬೇಕು. ನವೆಂಬರಿನಿಂದ ಬುಡಕ್ಕೆ ಮೂರು ನಾಲ್ಕು ಅಂಗುಲ ದಪ್ಪ ತರಗೆಲೆ ಹೊದಿಸಿ, ಅದು ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಟ್ಟು, ಎರಡು ದಿನಕ್ಕೊಮ್ಮೆ ಹತ್ತು ಹದಿನೈದು ಲೀಟರ್ ನೀರು ಕೊಟ್ಟರೆ ಆಯಿತು. ಬುಡದಲ್ಲಿ ಹಾರೆ, ಗುದ್ದಲಿ ಆಡಿಸಬಾರದು. ಬೇರುಗಳು ಮೇಲೆಮೇಲೆಯೇ ಹರಡಿರುತ್ತವೆ.

ಗಿಡ ಮೂರಡಿ ಆದಾಗ ತುದಿಯ ಮೊಗ್ಗನ್ನು ಉಗುರಿನಿಂದ ಚಿವುಟಿ ತೆಗೆಯುವುದು ಮೊದಲ ಸವರುವಿಕೆ. ಚೆನ್ನಾಗಿ ಬೆಳೆಯುತ್ತಿರುವ ಗಿಡದ ತಲೆಯನ್ನು ತೆಗೆಯಲು ಯಾರಿಗೂ ಮನಸ್ಸು ಬಾರದು, ಅಕ್ಕನೂ ಒಪ್ಪಲಿಲ್ಲ. ಆದರೆ ಮುಂದಿನ ಇಪ್ಪತ್ತು ವರ್ಷದ ಆಕಾರ ನಿಶ್ಚಯವಾಗುವುದು ಆ ಒಂದು ಚಿವುಟಿನಲ್ಲಿಯೇ. ಬರುವ ಚಿಗುರುಗಳಲ್ಲಿ ಬೇರೆ ಬೇರೆ ದಿಕ್ಕಿಗೆ ಹೋಗುವ ಮೂರು ನಾಲ್ಕನ್ನು ಉಳಿಸಿ, ಅವು ಎರಡಡಿ ಆದಾಗ ಮತ್ತೆ ತುದಿ ಚಿವುಟಬೇಕು. ಅನಂತರ ಪ್ರತಿ ವರ್ಷ ಮಳೆ ನಿಂತ ಅಕ್ಟೋಬರಿನಲ್ಲಿ, ಹೂವಿನ ಭರ ಇಳಿದ ಮೇಲೆ, ಮೇಲಕ್ಕೆ ಓಡುವ ರೆಂಬೆಗಳನ್ನು ಪಕ್ಕದ ಕವಲಿನವರೆಗೆ ಕತ್ತರಿಸಿದರೆ ಮರ ಹತ್ತು ಹನ್ನೆರಡು ಅಡಿಯಲ್ಲಿ ನಿಲ್ಲುತ್ತದೆ. ಬೆರಳು ದಪ್ಪದ ರೆಂಬೆಗಳಿಗೆ ಮಾತ್ರ ಕತ್ತರಿ ಹಾಕಬೇಕು. ಮೂರು ನಾಲ್ಕು ವರ್ಷ ಸುಮ್ಮನಿದ್ದು ಒಮ್ಮೆಲೇ ತೋಳು ದಪ್ಪದ ಕೊಂಬೆಗಳನ್ನು ಗರಗಸದಿಂದ ಕೊಯ್ದರೆ, ಈ ಬಳಗದ ಮರಗಳಲ್ಲಿ ಗಾಯ ಮುಚ್ಚುವುದು ನಿಧಾನವಾದ್ದರಿಂದ ಮಳೆನೀರು ಇಳಿದು ತಿರುಳು ಕೊಳೆಯುತ್ತದೆ. ಕೊಯ್ಯಲೇಬೇಕಾಗಿ ಬಂದರೆ ಮೈಲುತುತ್ತು, ಸುಣ್ಣ ಕಲಸಿದ ಬೋರ್ಡೋ ಮುಲಾಮನ್ನು ಗಾಯಕ್ಕೆ ಬಳಿಯಬೇಕು. ಮಳೆಗಾಲದ ನಡುವೆ ಕತ್ತರಿ ಮುಟ್ಟದಿರುವುದೇ ಒಳ್ಳೆಯದು.

ಕೀಟಗಳ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಎಲೆಯ ಅಡಿಯಲ್ಲಿ ಶಲ್ಕಕೀಟಗಳು ಕೂತು ಅಂಟುರಸ ಸುರಿಸಿದರೆ ಅದರ ಮೇಲೆ ಕಪ್ಪು ಬೂಷ್ಟು ಬರುತ್ತದೆ. ಬೇವಿನೆಣ್ಣೆಯನ್ನು ಸೋಪಿನ ನೀರಿನಲ್ಲಿ ಕದಡಿ ಸಿಂಪಡಿಸಿದರೆ ಹತೋಟಿಗೆ ಬರುತ್ತದೆ. ಎಳೆ ಎಲೆಯನ್ನು ತಿನ್ನುವ, ಮುಂಭಾಗ ಉಬ್ಬಿದ ಹಸಿರು ಹುಳು ಕಂಡರೆ ಮಾತ್ರ ಕೊಲ್ಲಬಾರದೆಂದು ಕೇಳಿಕೊಳ್ಳುತ್ತೇನೆ. ಕಪ್ಪು ರೆಕ್ಕೆಯ ಮೇಲೆ ಎಲೆಹಸಿರಿನ ಚುಕ್ಕೆಗಳಿರುವ, ಬಾಲವುಳ್ಳ ಜೇ ಚಿಟ್ಟೆಯ ಮರಿ ಅದು. ಸಂಪಿಗೆ ಅದರ ಆಹಾರದ ಮರಗಳಲ್ಲಿ ಒಂದು. ಹುಳು ತಿಂದ ನಾಲ್ಕು ಎಲೆಗಳಿಂದ ಮರಕ್ಕೆ ಏನೂ ಆಗದು.

ಬಾಸ್ಟನ್ನಿನ ಮರಕ್ಕೂ ಆರೈಕೆ ಬೇಕು, ಮತ್ತು ಅಲ್ಲಿರುವ ಮಕ್ಕಳು ಊರಿಗೆ ಫೋನು ಮಾಡಿ ಕೇಳುವುದೂ ಉಂಟು. ಅಲ್ಲಿ ವಸಂತದಲ್ಲಿ ನೆಡಬೇಕು. ಹೊಂಡ ಆಳಕ್ಕಿಂತ ಅಗಲವಾಗಿರಬೇಕು, ಕುಂಡದಲ್ಲಿ ಇದ್ದ ಮಟ್ಟಕ್ಕಿಂತ ಕೆಳಗೆ ಇಳಿಸಬಾರದು. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೇಕು, ಆದರೆ ಗೋಡೆಯ ಶಾಖ ತಗುಲುವ ದಕ್ಷಿಣದ ಮೂಲೆ ಬೇಡ. ಅಲ್ಲಿ ಮೊಗ್ಗು ಬೇಗ ಎಚ್ಚರವಾಗಿ ಕೊನೆಯ ಹಿಮಕ್ಕೆ ಸಿಗುತ್ತದೆ. ಸವರುವುದಿದ್ದರೆ ಹೂ ಉದುರಿದ ಕೂಡಲೇ, ಮುಂದಿನ ಮೊಗ್ಗು ಕಟ್ಟುವ ಮೊದಲೇ ಮುಗಿಸಬೇಕು. ಬುಡಕ್ಕೆ ತರಗೆಲೆ ಹೊದಿಸುವುದು, ಬೇರನ್ನು ಕೆದಕದಿರುವುದು, ಇವೆರಡು ಉಡುಪಿಗೂ ಬಾಸ್ಟನ್ನಿಗೂ ಒಂದೇ.

ಅಕ್ಕನ ಅಂಗಳದಲ್ಲಿ ಆ ಸತ್ತ ಸಸಿಯ ಜಾಗದಿಂದ ಹತ್ತು ಹೆಜ್ಜೆ ಆಚೆ, ದಿಬ್ಬದ ಮೇಲೆ, ಕಸಿ ಸಂಪಿಗೆಗೆ ಈಗ ನಾಲ್ಕನೆಯ ವರ್ಷ. ಹೂ ಕೊಯ್ಯಬೇಕಾದದ್ದು ಅರಳಿದ ಮೇಲಲ್ಲ. ಹಿಂದಿನ ಸಂಜೆ ಮೊಗ್ಗು ಹಸಿರು ಕಳೆದುಕೊಂಡು ತುದಿಯಲ್ಲಿ ಹಳದಿ ಇಣುಕಿದಾಗ ಗುರುತಿಟ್ಟುಕೊಂಡು, ಬೆಳಗಿನ ಜಾವ ಎಸಳು ಬಿಡುವ ಹೊತ್ತಿಗೆ ತೊಟ್ಟಿನ ಸಮೇತ ಚಿವುಟಬೇಕು. ಆ ತೊಟ್ಟನ್ನು ಒದ್ದೆ ಬಾಳೆನಾರಿನಲ್ಲಿ ಸುತ್ತಿ ಬಾಳೆಲೆಯಲ್ಲಿ ಮಡಚಿಟ್ಟರೆ ಹೂ ಸಂಜೆಯವರೆಗೂ ಕಂದುವುದಿಲ್ಲ. ಅಕ್ಕ ಈ ನಾಗರಪಂಚಮಿಗೆ ಹಾಗೆ ಮಡಚಿದ್ದು ಒಂಬತ್ತು ಹೂಗಳನ್ನು. ಅವುಗಳ ಚಿತ್ರವನ್ನು ತೆಗೆದು ಬಾಸ್ಟನ್ನಿಗೆ ಕಳುಹಿಸಿದಳು.